ಮಗುವಿನ ಮಾತಿಗೆ ಎರಡೂ ಕಡೆಯವರು ಕೂರಲಿ

ಮನೆಯಲ್ಲಿ ಸಾವಾಗುತ್ತದೆ. ಇಲ್ಲವೆ ಗಂಡ ಹೆಂಡತಿ ಬೇರೆಯಾಗುತ್ತಾರೆ. ಇಲ್ಲವೆ ಕುಡಿತ ಮಿತಿ ಮೀರಿ ಅಪ್ಪ ಆಸ್ಪತ್ರೆ ಸೇರುತ್ತಾನೆ. ಆಗ ಮಗುವನ್ನು ಯಾರು ನೋಡಿಕೊಳ್ಳಬೇಕು ಎಂಬ ಮಾತು ಬಂದೇ ಬರುತ್ತದೆ. ನಮ್ಮ ಕೊಡಗಿನಲ್ಲಿ ಎಷ್ಟೋ ಸಲ ಈ ಮಾತು ಮುಗಿಯುವುದು ಸಾವಿನ ಹನ್ನೊಂದನೇ ದಿನದ ಮಾದದ ಊಟವಾದ ಮೇಲೆ, ಅಂಗಳದಲ್ಲಿ ಜೀಪು ತಿರುಗಿಸುವ ಹೊತ್ತಿನಲ್ಲಿ. ದೊಡ್ಡಪ್ಪ ಒಬ್ಬರು, "ಜೂನ್‌ನಲ್ಲಿ ಹಾಸ್ಟೆಲ್‌ಗೆ ಹಾಕಿಬಿಡೋಣ" ಅನ್ನುತ್ತಾರೆ. ಉಳಿದವರು ತಲೆಯಾಡಿಸುತ್ತಾರೆ. ಬೆಂಗಳೂರಿನವರಿಗೆ ಬಸ್ಸಿಗೆ ಹೊತ್ತಾಯಿತು, ಸುಂಟಿಕೊಪ್ಪದವರಿಗೆ ತೋಟದ ಕೆಲಸ ಕಾದಿದೆ. ಒಂದು ಮಗುವಿನ ಮುಂದಿನ ಹತ್ತು ವರ್ಷ ಹತ್ತು ನಿಮಿಷದಲ್ಲಿ ಮುಗಿದುಹೋಯಿತು.

ಹೀಗೆ ಮಾಡಬೇಡಿ. ನೀವು ಕೆಟ್ಟವರೆಂದು ಯಾರೂ ಹೇಳುವುದಿಲ್ಲ. ದುಃಖದಲ್ಲಿದ್ದೀರಿ, ದಣಿದಿದ್ದೀರಿ, ಮಗುವಿಗೆ ಒಳ್ಳೆಯದಾಗಲಿ ಎಂದೇ ಹೇಳುತ್ತಿದ್ದೀರಿ. ಆದರೂ ಒಂದು ಎಕರೆ ಕಾಫಿ ತೋಟ ಮಾರುವಾಗ ನಾಲ್ಕು ಜನರನ್ನು ಕೇಳುವ ನೀವು, ಮಗುವಿನ ವಿಷಯದಲ್ಲಿ ಒಬ್ಬರ ಬಾಯಿಮಾತಿಗೆ ಒಪ್ಪಿಕೊಂಡುಬಿಡುವುದು ಸರಿಯಲ್ಲ.

ಹಾಸ್ಟೆಲನ್ನು ನಾನು ಹಳಿಯುತ್ತಿಲ್ಲ. ಗಂಡಸರು ಸೈನ್ಯದಲ್ಲಿದ್ದ ಮನೆಗಳ ಮಕ್ಕಳು ಅಜ್ಜಿಯ ಹತ್ತಿರವೋ ಹಾಸ್ಟೆಲಿನಲ್ಲೋ ಬೆಳೆದು ಚೆನ್ನಾಗಿ ಬದುಕಿದ್ದಾರೆ. ಆದರೆ ಆ ಮಕ್ಕಳಿಗೆ ರಜೆಯಲ್ಲಿ ಹೋಗಲು ಒಂದು ಮನೆ ಇತ್ತು, ತಿಂಗಳಿಗೊಮ್ಮೆ ಕಾಗದ ಬರೆಯುವ ತಾಯಿ ಇದ್ದಳು. ತಾಯಿಯನ್ನು ಕಳೆದುಕೊಂಡು ತಿಂಗಳಾಗದ ಎಂಟು ವರ್ಷದ ಮಗುವಿನ ಕೈಗೆ ಟ್ರಂಕ್ ಕೊಟ್ಟು ಕಳಿಸುವುದು ಬೇರೆ ಮಾತು. ಆ ಮಗು ತಾಯಿಯ ಜೊತೆಗೆ ಮನೆ, ಓಣಿ, ನಾಯಿ, ಪಕ್ಕದ ಮನೆಯ ಗೆಳತಿ ಎಲ್ಲವನ್ನೂ ಒಂದೇ ವಾರದಲ್ಲಿ ಕಳೆದುಕೊಳ್ಳುತ್ತದೆ.

ಹಾಗಾದರೆ ಯಾರನ್ನು ಕರೆಯಬೇಕು? ಎರಡೂ ಕಡೆಯವರನ್ನು ಕರೆಯಿರಿ. ಇದು ಮೊದಲ ಮಾತು, ಇದರಲ್ಲಿ ರಿಯಾಯಿತಿ ಇಲ್ಲ. ನಮ್ಮಲ್ಲಿ ಮಗು ತಂದೆಯ ಒಕ್ಕಕ್ಕೆ, ಅಂದರೆ ಮನೆತನಕ್ಕೆ, ಸೇರಿದ್ದು, ಮನೆಹೆಸರು ತಂದೆಯ ಕಡೆಯದು. ಅದಕ್ಕೇ ತಂದೆಯ ಕಡೆಯವರು "ಮಗು ನಮ್ಮದು" ಎಂದು ಹೇಳಿ ಮಾತು ಮುಗಿಸಿಬಿಡುತ್ತಾರೆ. ತಾಯಿಯ ತವರಿನವರು ಜಗಲಿಯ ತುದಿಯಲ್ಲಿ ನಿಂತು ಕೇಳಿಸಿಕೊಂಡು ಹೋಗುತ್ತಾರೆ. ಆದರೆ ಜ್ವರ ಬಂದಾಗ ಆ ಮಗು ಯಾರ ಮಡಿಲಲ್ಲಿ ಮಲಗಿತ್ತು? ಎಷ್ಟೋ ಸಲ ತಾಯಿಯ ತಾಯಿಯ ಮಡಿಲಲ್ಲಿ. ನಮ್ಮ ಹಿರಿಯರೂ ನೀವು ತಿಳಿದುಕೊಂಡಷ್ಟು ಬಿಗಿಯಾಗಿರಲಿಲ್ಲ. ಗಂಡುಮಕ್ಕಳಿಲ್ಲದ ಮನೆ ಅಳಿಯಬಾರದೆಂದು ಒಕ್ಕಪರಿಜೆ, ಮಕ್ಕಪರಿಜೆ ಎಂಬ ಕಟ್ಟುಗಳನ್ನು ಮಾಡಿ ಮಕ್ಕಳು ತಾಯಿಯ ಮನೆಹೆಸರಿನಲ್ಲೇ ಬೆಳೆಯುವುದಕ್ಕೆ ಅವರು ದಾರಿ ಬಿಟ್ಟಿದ್ದರು. ಮನೆ ಉಳಿಯಲೆಂದು ಅಷ್ಟು ಸಡಿಲಿಸಿದವರ ಮೊಮ್ಮಕ್ಕಳು ನೀವು. ಮಗು ಉಳಿಯಲೆಂದು ಇಷ್ಟು ಸಡಿಲಿಸಬಾರದೆ?

ಮದುವೆಯಲ್ಲಿ ನಿಂತ ಅರುವನನ್ನೂ ಮರೆಯಬೇಡಿ. ಕೊಡವ ಮದುವೆಯಲ್ಲಿ ಗಂಡಿನ ಕಡೆಗೊಬ್ಬ, ಹೆಣ್ಣಿನ ಕಡೆಗೊಬ್ಬ ಅರುವ ನಿಂತು, ಸಂಬಂಧ ಕೊಟ್ಟು ತೆಗೆದುಕೊಳ್ಳುವ ಶಾಸ್ತ್ರ ನಡೆಸುತ್ತಾರಲ್ಲ, ಅದು ಫೋಟೊಗಾಗಿ ಅಲ್ಲ. ಹುಡುಗಿ ಒಂದು ಒಕ್ಕದಿಂದ ಇನ್ನೊಂದು ಒಕ್ಕಕ್ಕೆ ಹೋಗುವಾಗ ಅವಳ ಹಕ್ಕಿಗೆ ಸಾಕ್ಷಿ ಬೇಕು, ಮುಂದೆ ತೊಂದರೆ ಬಂದರೆ ಮಾತಾಡಲು ಒಬ್ಬರು ಬೇಕು ಎಂದು. ಎಂ. ಎನ್. ಶ್ರೀನಿವಾಸರು ಕೊಡವರ ಬಗ್ಗೆ ಬರೆದು 1952ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಒಕ್ಕಕ್ಕೂ ಈ ಶಾಸ್ತ್ರಗಳಿಗೂ ಎಷ್ಟು ಜಾಗ ಕೊಟ್ಟಿದ್ದಾರೆಂದು ಓದಿದವರಿಗೆ ಗೊತ್ತು. ಸಂಬಂಧಕ್ಕೆ ಸಾಕ್ಷಿಯಾದವರನ್ನು ಆ ಸಂಬಂಧದಲ್ಲಿ ಹುಟ್ಟಿದ ಮಗುವಿನ ಮಾತಿಗೂ ಕರೆಯಿರಿ. ಅರುವ ತೀರಿಕೊಂಡಿದ್ದರೆ ಎರಡೂ ಮನೆಯವರು ಗೌರವಿಸುವ ಇನ್ನೊಬ್ಬ ಹಿರಿಯರು ಸಿಕ್ಕೇ ಸಿಗುತ್ತಾರೆ.

"ಎಲ್ಲರನ್ನೂ ಸೇರಿಸುವುದು ಎಲ್ಲಾಗುತ್ತದೆ, ಒಬ್ಬೊಬ್ಬರು ಒಂದೊಂದು ದೇಶದಲ್ಲಿದ್ದಾರೆ" ಎಂದು ಮಾತ್ರ ಹೇಳಬೇಡಿ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಕೊಡವ ಕುಟುಂಬಗಳ ಹಾಕಿ ಪಂದ್ಯಾವಳಿ ಶುರುಮಾಡಿದಾಗ ಆಡಿದ್ದು 60 ಕುಟುಂಬಗಳು. 2024ರಲ್ಲಿ ನಾಪೋಕ್ಲುವಿನ ಕುಂಡ್ಯೋಳಂಡ ಕಪ್ಪಿಗೆ 360 ಕುಟುಂಬಗಳು ಬಂದವು. ಒಂದೇ ಮನೆಹೆಸರಿನವರು, ಅಜ್ಜಂದಿರಿಂದ ಶಾಲೆಯ ಮಕ್ಕಳವರೆಗೆ, ರಜೆ ಹಾಕಿ ಊರಿಗೆ ಬಂದು ಒಂದೇ ಬಣ್ಣದ ಜರ್ಸಿ ತೊಟ್ಟರು. ನನಗೆ ಅದನ್ನು ನೋಡಿದರೆ ಹೆಮ್ಮೆ. ಹಾಕಿಗೆ ಮುನ್ನೂರು ಮೈಲಿಯಿಂದ ಬರುವ ಒಕ್ಕ, ಮಗುವಿಗೆ ಒಂದು ಭಾನುವಾರ ಬರಲಾರದೆ? ತಂಡಕ್ಕೆ ಜರ್ಸಿ ಹೊಲಿಸಿಕೊಟ್ಟವರು, ಅಣ್ಣನ ಮಗಳಿಗೆ ಶಾಲೆಯ ಶೂ ಇದೆಯೇ ಎಂದು ಕೇಳದಿದ್ದರೆ ಮನೆಗೆ ಮಾರಿ, ಊರಿಗೆ ಉಪಕಾರಿ ಅನ್ನುವ ಮಾತು ನಿಮ್ಮ ಮೇಲೆ ಬಂದೀತು. ಹಾಗಾಗಲು ಬಿಡಬೇಡಿ. ಬರಲಾಗದವರು ವಾಟ್ಸಾಪ್‌ನಲ್ಲಿ ಮುಖ ತೋರಿಸಲಿ. ನೆಟ್‌ವರ್ಕ್ ಸಿಗದ ಮನೆಯಾದರೆ ಸಿಗುವ ಮನೆಯಲ್ಲಿ ಕೂರಿ.

ಹಳೆಯದನ್ನು ಹೊಗಳುವಾಗ ಒಂದು ಮಾತು ಸೇರಿಸಲೇಬೇಕು. ಹಿಂದೆ ಕುಟುಂಬದ ಮೂಲಮನೆಯಾದ ಐನ್‌ಮನೆಯಲ್ಲಿ, ಕೊಡವರದ್ದಿರಲಿ ಅರೆಭಾಷೆ ಗೌಡರದ್ದಿರಲಿ, ಜಗಲಿಯ ಐಮರದ ಹಲಗೆಯ ಮೇಲೆ ಕೂತ ಹಿರಿಯರು ಹೇಳಿದ್ದೇ ಕೊನೆಯ ಮಾತು. ಹೆಂಗಸರು ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳುತ್ತಿದ್ದರು, ಮಕ್ಕಳು ಕೇಳುವ ಹಾಗೂ ಇರಲಿಲ್ಲ. ಮಗುವಿಗೆ ಊಟ ಮಾಡಿಸಿ, ಸ್ನಾನ ಮಾಡಿಸಿ, ಹೇನು ತೆಗೆದವರಿಗೆ ಮಾತಿಲ್ಲ, ಮನೆತನದ ಹಿರಿಯರಾದ ಪಟ್ಟೆದಾರರಿಗೆ ಮಾತು. ಆ ಪದ್ಧತಿ ನಮಗೆ ಬೇಡ. ಒಟ್ಟಿಗೆ ಕೂರುವುದನ್ನು ಹಿರಿಯರಿಂದ ತೆಗೆದುಕೊಳ್ಳಿ, ಒಬ್ಬರೇ ಆಜ್ಞೆ ಕೊಡುವುದನ್ನು ಬಿಟ್ಟುಬಿಡಿ.

ಕೂರುವುದು ಹೇಗೆ ಎನ್ನುವುದಕ್ಕೆ ದೂರದ ಒಂದು ದೇಶದ ಉದಾಹರಣೆ ನನಗೆ ಬಹಳ ಹಿಡಿಸಿದೆ. ನ್ಯೂಜಿಲೆಂಡಿನ ಮಾವೊರಿ ಜನ, ತಮ್ಮ ಮಕ್ಕಳನ್ನು ಸರ್ಕಾರದವರು ಕುಟುಂಬವನ್ನು ಕೇಳದೆ ಎತ್ತಿಕೊಂಡು ಹೋಗಿ ಗೊತ್ತಿಲ್ಲದವರ ಮನೆಯಲ್ಲೂ ಸಂಸ್ಥೆಗಳಲ್ಲೂ ಇಡುತ್ತಿದ್ದಾರೆಂದು ಬಹಳ ಕಾಲ ಹೋರಾಡಿದರು. ಅದರ ಬಗ್ಗೆ ಒಂದು ಸಮಿತಿ ಕಟುವಾದ ವರದಿ ಕೊಟ್ಟಿತು. 1989ರಲ್ಲಿ ಹೊಸ ಕಾನೂನು ಬಂತು. ಅದರಂತೆ ಮಗುವಿನ ರಕ್ಷಣೆಯ ಪ್ರಶ್ನೆ ಬಂದಾಗ ಅಧಿಕಾರಿಗಳು ತಾವೇ ತೀರ್ಮಾನಿಸದೆ ಮೊದಲು ಕುಟುಂಬದ ಸಭೆ ಕರೆಯಬೇಕು. ಅಜ್ಜ, ಅಜ್ಜಿ, ಚಿಕ್ಕಮ್ಮ, ಮಾವ ಎಲ್ಲರೂ ಬರುತ್ತಾರೆ. ಅಧಿಕಾರಿಗಳು ಇರುವ ಸಂಗತಿಯನ್ನು ಬಿಚ್ಚಿ ಹೇಳುತ್ತಾರೆ, ಕೇಳಿದ್ದಕ್ಕೆ ಉತ್ತರ ಕೊಡುತ್ತಾರೆ, ಆಮೇಲೆ ಎದ್ದು ಹೊರಗೆ ಹೋಗುತ್ತಾರೆ. ಕುಟುಂಬದವರು ತಮ್ಮಲ್ಲೇ ಮಾತಾಡಿ, ಅತ್ತು, ಜಗಳವಾಡಿ, ಒಂದು ಯೋಜನೆ ಮಾಡಿದ ಮೇಲೆ ಅಧಿಕಾರಿಗಳು ಒಳಗೆ ಬಂದು ಅದು ಮಗುವಿಗೆ ಸುರಕ್ಷಿತವೇ ಎಂದು ನೋಡುತ್ತಾರೆ. ಆಮೇಲೆ ಈ ಕ್ರಮ ಬೇರೆ ದೇಶಗಳಿಗೂ ಹೋಯಿತು. ಮನೆಯ ನಡುಕೋಣೆಯಾದ ನೆಲ್ಲಕ್ಕಿ ನಡುಬಾಡೆಯಲ್ಲಿ ತೂಗುದೀಪದ ಕೆಳಗೆ ಕೂತು ಮಾತಾಡಿ ಅಭ್ಯಾಸವಿರುವ ನಮಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ.

ಕೂರುವ ದಿನ ಕೆಲವು ಶಿಸ್ತು ಇರಲಿ. ಆ ದಿನ ಬಾಟಲಿ ಬೇಡ, ಊಟಕ್ಕೆ ಮೊದಲೂ ಬೇಡ, ಆಮೇಲೂ ಬೇಡ. ತೋಟದ ಪಾಲಿನ ಮಾತನ್ನು ಅದೇ ದಿನ ಎತ್ತಬೇಡಿ. ಎತ್ತಿದರೆ ಮಗುವಿನ ಮಾತು ಅಲ್ಲೇ ನಿಲ್ಲುತ್ತದೆ, ಸರ್ವೆ ನಂಬರಿನ ಮಾತು ಸಂಜೆಯವರೆಗೆ ನಡೆಯುತ್ತದೆ. ಬೇರೆಯಾದ ಗಂಡ ಹೆಂಡತಿಯ ಮಗುವಾದರೆ ಯಾರ ತಪ್ಪು ಎಷ್ಟು ಎಂಬ ವಿಚಾರಣೆಯನ್ನೂ ಬದಿಗಿಡಿ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎಂದು ಗಾದೆ ಮಾಡಿದವರು ಇಂಥ ಎಷ್ಟು ಮನೆ ನೋಡಿದ್ದರೋ! ಕಾಫಿ ಕೊಯ್ಲಿನ ತಿಂಗಳಾದರೆ ಸಂಜೆ ಇಟ್ಟುಕೊಳ್ಳಿ, ಆಳುಗಳ ಲೆಕ್ಕ ನೋಡುತ್ತಾ ಅರ್ಧ ಮನಸ್ಸಿನಲ್ಲಿ ಕೂರಬೇಡಿ.

ಇನ್ನು, ಮಗುವನ್ನು ಕೇಳಿ. "ಅದಕ್ಕೇನು ಗೊತ್ತಾಗುತ್ತದೆ" ಅನ್ನುವ ಅಭ್ಯಾಸ ನಿಮಗೆಲ್ಲ ಇದೆ, ಇದನ್ನು ಬಿಡಲೇಬೇಕು. ಎಲ್ಲರ ನಡುವೆ ನಿಲ್ಲಿಸಿ, "ನಿನಗೆ ಅಪ್ಪ ಬೇಕಾ, ಅಜ್ಜಿ ಬೇಕಾ" ಎಂದು ಕೇಳಬೇಡಿ. ಅದು ಮಗುವಿನ ತಲೆಯ ಮೇಲೆ ತೀರ್ಪು ಹೊರಿಸಿದ ಹಾಗೆ. ಮಗುವಿಗೆ ಸಲುಗೆ ಇರುವ ಒಬ್ಬರು, ಒಬ್ಬ ಚಿಕ್ಕಮ್ಮನೋ, ಶಾಲೆಯ ಟೀಚರೋ, ಹಿಂದಿನ ದಿನವೇ ಜೊತೆಯಲ್ಲಿ ಕೂತು ಕೇಳಲಿ. ಯಾರ ಮನೆಯಲ್ಲಿ ನಿದ್ದೆ ಚೆನ್ನಾಗಿ ಬರುತ್ತದೆ, ಎಲ್ಲಿ ಹೆದರಿಕೆ, ಶಾಲೆಯಲ್ಲಿ ಯಾರ ಪಕ್ಕ ಕೂರುತ್ತೀ, ಇಂಥ ಸಣ್ಣ ಮಾತು.

ನಮ್ಮ ಕಡೆಯ ಒಂದು ಮನೆಯ ವಿಷಯ ಹೇಳುತ್ತೇನೆ, ಹೆಸರು ಬೇಡ. ತಾಯಿ ತೀರಿಕೊಂಡ ಹುಡುಗ, ವಯಸ್ಸು ಒಂಬತ್ತು. ತಂದೆಗೆ ಹೊರ ರಾಜ್ಯದಲ್ಲಿ ಕೆಲಸ. ಮೈಸೂರಿನ ದೊಡ್ಡಪ್ಪನ ಮನೆಯಲ್ಲಿ ಒಳ್ಳೆಯ ಶಾಲೆ, ಬೇರೆ ಕೋಣೆ, ಕಂಪ್ಯೂಟರ್ ಎಲ್ಲ ತಯಾರು. ಹುಡುಗ ಮಾತ್ರ ಊಟ ಬಿಟ್ಟಿದ್ದ. ತಾಯಿಯ ತಂಗಿ ಹಿತ್ತಲಿನಲ್ಲಿ ಕರಿಮೆಣಸು ಆರಿಸುತ್ತಾ ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೇಳಿದಳು. ಬಹಳ ಹೊತ್ತು ಅವನು ಕಾಳು ಬಿಡಿಸುತ್ತಾ ಸುಮ್ಮನಿದ್ದ. ಆಮೇಲೆ ಹೇಳಿದನಂತೆ, ಅಜ್ಜಿಗೆ ರಾತ್ರಿ ಕಣ್ಣು ಕಾಣುವುದಿಲ್ಲ, ಅವರನ್ನು ಹೊರಗೆ ಕರೆದುಕೊಂಡು ಹೋಗುವುದು ನಾನು, ನಾನು ಮೈಸೂರಿಗೆ ಹೋದರೆ ಅಜ್ಜಿ ಬಿದ್ದುಹೋಗುತ್ತಾರೆ ಎಂದು. ಆ ಮನೆಯ ಅಷ್ಟು ದೊಡ್ಡವರಲ್ಲಿ ಒಬ್ಬರಿಗೂ ಇದು ಗೊತ್ತಿರಲಿಲ್ಲ. ಅಜ್ಜಿಗೆ ಕಣ್ಣಿನ ಆಪರೇಷನ್ ಆಯಿತು, ಹುಡುಗ ಒಂದು ವರ್ಷ ಊರಿನ ಶಾಲೆಯಲ್ಲೇ ಮುಂದುವರಿದ, ದೊಡ್ಡಪ್ಪ ರಜೆಯಲ್ಲಿ ಕರೆದುಕೊಂಡು ಹೋಗಿ ಮೈಸೂರು ಅಭ್ಯಾಸ ಮಾಡಿಸಿದರು. ಈಗ ಅಲ್ಲೇ ಓದುತ್ತಿದ್ದಾನೆ. ಕೇಳಿದ್ದರಿಂದ ದೊಡ್ಡಪ್ಪನ ಯೋಜನೆ ಕೆಡಲಿಲ್ಲ, ಸರಿಯಾದ ಹೊತ್ತಿಗೆ ಕೂಡಿಬಂತು.

ಮಗು ಒಂದು ಮನೆಯಲ್ಲಿರಬೇಕು, ಹೊಣೆ ಮಾತ್ರ ಹಲವರದ್ದಾಗಬೇಕು. ಹತ್ತು ಜನರ ಹುಲ್ಲುಕಡ್ಡಿ ಒಬ್ಬನ ತಲೆಹೊರೆ. ಒಬ್ಬರು ಶಾಲೆಯ ಫೀಸು, ಒಬ್ಬರು ವರ್ಷಕ್ಕೆರಡು ಜೊತೆ ಬಟ್ಟೆ, ಒಬ್ಬರು ದಸರಾ ರಜೆಯಲ್ಲಿ ಕರೆದುಕೊಂಡು ಹೋಗುವುದು, ಒಬ್ಬರು ಡಾಕ್ಟರ ಹತ್ತಿರ ಹೋಗುವ ದಿನ ಕಾರು ಕೊಡುವುದು. ದುಡ್ಡು ಕೊಡಲಾಗದವರು ವಾರಕ್ಕೊಮ್ಮೆ ಲೆಕ್ಕ ಹೇಳಿಕೊಡಲಿ, ಅದೂ ದೊಡ್ಡದೇ. ಇದೆಲ್ಲವನ್ನು ಒಂದು ಹಾಳೆಯಲ್ಲಿ ಬರೆದು ಎಲ್ಲರೂ ಸಹಿ ಮಾಡಿ. "ನಮ್ಮ ನಮ್ಮಲ್ಲಿ ಕಾಗದ ಯಾಕೆ" ಅನ್ನಬೇಡಿ. ಅಳುವಾಗ ಕೊಟ್ಟ ಮಾತು ಆರು ತಿಂಗಳಲ್ಲಿ ಮರೆತುಹೋಗುತ್ತದೆ, ಆಗ ಮಗುವನ್ನು ಇಟ್ಟುಕೊಂಡ ಬಡ ಚಿಕ್ಕಮ್ಮ ಒಬ್ಬಳೇ ಒದ್ದಾಡುತ್ತಾಳೆ, ಕೇಳಲು ಅವಳಿಗೆ ನಾಚಿಕೆ. ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಎಂದು ನುಣುಚಿಕೊಳ್ಳುವ ಒಬ್ಬಿಬ್ಬರು ಪ್ರತಿ ಕುಟುಂಬದಲ್ಲೂ ಇರುತ್ತಾರೆ. ಹಾಳೆಯ ಮೇಲೆ ಹೆಸರಿದ್ದರೆ ಅವರೂ ಬರುತ್ತಾರೆ.

ಇನ್ನು ಕಾನೂನಿನ ಮಾತು. ಸರ್ಕಾರದ ಹತ್ತಿರ ಹೋದರೆ ಮಗುವನ್ನು ಎಳೆದುಕೊಂಡು ಹೋಗಿ ಬಾಲಮಂದಿರಕ್ಕೆ ಹಾಕುತ್ತಾರೆ ಎಂಬ ಹೆದರಿಕೆ ನಿಮ್ಮಲ್ಲಿ ಬಹಳ ಇದೆ. 2015ರ ಬಾಲ ನ್ಯಾಯ ಕಾಯ್ದೆ ಹೇಳುವುದು ಇದಕ್ಕೆ ವಿರುದ್ಧ. ಮಗುವನ್ನು ನೋಡಿಕೊಳ್ಳುವ ಮೊದಲ ಹೊಣೆ ಕುಟುಂಬದ್ದು, ಸಂಸ್ಥೆಯಲ್ಲಿಡುವುದು ಬೇರೆ ಯಾವ ದಾರಿಯೂ ಇಲ್ಲದಾಗ ಹಿಡಿಯುವ ಕೊನೆಯ ದಾರಿ ಎಂದು ಅದರ ಮೂರನೆಯ ಸೆಕ್ಷನ್ನಿನಲ್ಲೇ ಬರೆದಿದೆ. ಆ ಕಾಯ್ದೆಯಂತೆ ಪ್ರತಿ ಜಿಲ್ಲೆಗೂ ಮಕ್ಕಳ ಕಲ್ಯಾಣ ಸಮಿತಿ ಇರುತ್ತದೆ, ಅಧ್ಯಕ್ಷರು ಒಬ್ಬರು, ಸದಸ್ಯರು ನಾಲ್ವರು. ಯಾರೂ ದಿಕ್ಕಿಲ್ಲದ ಮಗು ಸಿಕ್ಕಿದರೆ ಪ್ರಯಾಣದ ಹೊತ್ತು ಬಿಟ್ಟು 24 ಗಂಟೆಯೊಳಗೆ ಸಮಿತಿಯ ಮುಂದೆ ಕರೆತರಬೇಕು. ಮನೆಗೆ ಬಂದು ವಿಚಾರಿಸಿ ಸಾಮಾಜಿಕ ತನಿಖಾ ವರದಿ ಮಾಡುವುದಕ್ಕೆ 15 ದಿನ, ಕೊನೆಯ ಆದೇಶಕ್ಕೆ ನಾಲ್ಕು ತಿಂಗಳು. ಈ 15 ದಿನವೇ ನಿಮ್ಮ ದಿನ. ತನಿಖೆಗೆ ಬಂದವರಿಗೆ ಕಾಫಿ ಕೊಟ್ಟು ಕಳಿಸಿಬಿಡಬೇಡಿ. ಎರಡೂ ಕಡೆಯವರ ಹೆಸರು, ಫೋನ್ ನಂಬರು, ನೀವು ಸಹಿ ಮಾಡಿದ ಆ ಹಾಳೆಯನ್ನು ಅವರ ಕೈಗೆ ಕೊಡಿ. "ಈ ಮಗುವಿಗೆ ಜನ ಇದ್ದಾರೆ" ಎಂದು ಸಮಿತಿಗೆ ತಿಳಿಯುವುದು ಹಾಗೆ.

ಸಾಕಲು ಮನಸ್ಸಿದ್ದು ಕೈಯಲ್ಲಿ ಕಾಸಿಲ್ಲದವರೂ ಕೇಳಿ. ಇದೇ ಕಾಯ್ದೆಯಲ್ಲಿ ಪ್ರಾಯೋಜಕತ್ವ ಎಂಬ ಸಹಾಯವಿದೆ. ತಾಯಿ ವಿಧವೆ, ವಿಚ್ಛೇದಿತೆ ಅಥವಾ ಕುಟುಂಬ ಕೈಬಿಟ್ಟವಳಾಗಿದ್ದರೆ, ತಂದೆ ತಾಯಿ ಪ್ರಾಣಕ್ಕೆ ಅಪಾಯದ ಕಾಯಿಲೆಯಲ್ಲಿದ್ದರೆ, ಅಪಘಾತದಿಂದ ದುಡಿಯಲಾರದವರಾಗಿದ್ದರೆ, ಅಥವಾ ಅನಾಥ ಮಗು ಬಂಧುಗಳ ಮನೆಯಲ್ಲಿ ಬೆಳೆಯುತ್ತಿದ್ದರೆ ಈ ಸಹಾಯಕ್ಕೆ ಅರ್ಜಿ ಹಾಕಬಹುದು. ಕೇಂದ್ರದ ಮಿಷನ್ ವಾತ್ಸಲ್ಯದಲ್ಲಿ ಒಂದು ಮಗುವಿಗೆ ತಿಂಗಳಿಗೆ 4,000 ರೂಪಾಯಿ. ಹಳ್ಳಿಯಲ್ಲಿ ವರ್ಷಕ್ಕೆ 72,000, ಪಟ್ಟಣದಲ್ಲಿ 96,000 ರೂಪಾಯಿಗಿಂತ ಹೆಚ್ಚು ವರಮಾನ ಇರಬಾರದು ಎಂಬ ಮಿತಿ ಇದೆ. ಮಡಿಕೇರಿಯಲ್ಲಿ ಜಿಲ್ಲಾ ಮಕ್ಕಳ ರಕ್ಷಣಾ ಘಟಕವನ್ನು ಕೇಳಿ, ಇಲ್ಲವೆ ನಿಮ್ಮ ಅಂಗನವಾಡಿಯ ಕಾರ್ಯಕರ್ತೆಯನ್ನು ಕೇಳಿ. ಕೊರೋನದ ಹೊತ್ತಿನಲ್ಲಿ, 2021ರಲ್ಲಿ, ತಂದೆ ತಾಯಿ ಇಬ್ಬರನ್ನೂ ಕಳೆದುಕೊಂಡ ಮಕ್ಕಳಿಗೆ ನಮ್ಮ ರಾಜ್ಯ ಮುಖ್ಯಮಂತ್ರಿ ಬಾಲ ಸೇವಾ ಯೋಜನೆಯಲ್ಲಿ ತಿಂಗಳಿಗೆ 3,500 ರೂಪಾಯಿ ಘೋಷಿಸಿತು. ಈ ದುಡ್ಡು ಮಗುವಿನದು, ಮನೆಯ ಸಾಲ ತೀರಿಸುವುದಕ್ಕಲ್ಲ.

ಮಗುವನ್ನು ಸ್ವಂತ ಮಗುವಾಗಿಯೇ ಮಾಡಿಕೊಳ್ಳಬೇಕೆಂದರೆ ಬಾಯಿಮಾತಿನ ದತ್ತು ಬೇಡ. ಬಂಧುಗಳ ನಡುವಿನ ದತ್ತಿಗೆ ಕಾಯ್ದೆಯಲ್ಲಿ ಬೇರೆ ದಾರಿ ಇದೆ. ಬಂಧುಗಳೆಂದರೆ ಅಲ್ಲಿ ತಂದೆಯ ಕಡೆ ಮತ್ತು ತಾಯಿಯ ಕಡೆ ಇಬ್ಬರದ್ದೂ ಅಜ್ಜ ಅಜ್ಜಿ, ಚಿಕ್ಕಪ್ಪ ದೊಡ್ಡಪ್ಪ, ಅತ್ತೆ, ಮಾವ, ಚಿಕ್ಕಮ್ಮ ದೊಡ್ಡಮ್ಮ. ಕಾನೂನಿಗೆ ಎರಡೂ ಕಡೆಯವರು ಸಮ ಎಂಬುದನ್ನು ಗಮನಿಸಿ. ಐದು ವರ್ಷ ತುಂಬಿದ ಮಗುವಾದರೆ ಅದರ ಒಪ್ಪಿಗೆಯೂ ಬೇಕು. 2022ರ ಸೆಪ್ಟೆಂಬರ್‌ನಿಂದ ದತ್ತು ಆದೇಶ ಕೊಡುವವರು ಜಿಲ್ಲಾಧಿಕಾರಿಗಳು. ಯಾರೋ ಮಕ್ಕಳಿಲ್ಲದ ಪರಿಚಯದವರು ಕೇಳಿದರೆಂದು ಮಗುವನ್ನು ಸುಮ್ಮನೆ ಎತ್ತಿ ಕೊಡಬೇಡಿ. ಅನಾಥ ಮಗುವನ್ನು ಕ್ರಮ ಬಿಟ್ಟು ದತ್ತಿಗೆ ಕೊಡುವುದು, ತೆಗೆದುಕೊಳ್ಳುವುದು ಎರಡೂ ಅಪರಾಧ, ಮೂರು ವರ್ಷದವರೆಗೆ ಜೈಲಿದೆ. ದುಡ್ಡು ಕೈ ಬದಲಾಯಿಸಿದರೆ ಅದು ಮಾರಾಟ, ಶಿಕ್ಷೆ ಐದು ವರ್ಷದವರೆಗೆ.

ಆಸ್ತಿಯ ಮಾತನ್ನು ಇನ್ನೊಂದು ದಿನಕ್ಕೆ ಇಡಿ ಎಂದೆನಲ್ಲ, ಆ ದಿನ ಬಂದಾಗ ಇದು ನೆನಪಿರಲಿ. 1956ರ ಹಿಂದೂ ಅಪ್ರಾಪ್ತರ ಪೋಷಕತ್ವ ಕಾಯ್ದೆಯಂತೆ ಹೆತ್ತ ತಂದೆಯೇ ಆದರೂ ಮಗುವಿನ ಪಾಲಿನ ಸ್ಥಿರಾಸ್ತಿಯನ್ನು ಕೋರ್ಟಿನ ಅನುಮತಿ ಇಲ್ಲದೆ ಮಾರುವಂತಿಲ್ಲ. ಸಾಕಿಕೊಂಡ ಚಿಕ್ಕಪ್ಪನಿಗಂತೂ ಆ ಅಧಿಕಾರವೇ ಇಲ್ಲ. ಮಗುವನ್ನು ಸಾಕುವವರೂ ತೋಟ ನೋಡಿಕೊಳ್ಳುವವರೂ ಬೇರೆ ಬೇರೆ ಇದ್ದರೆ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಆಗ ಅನುಮಾನಕ್ಕೆ ಎಡೆ ಇರುವುದಿಲ್ಲ, ಸಾಕಿದವರ ಹೆಸರೂ ಕೆಡುವುದಿಲ್ಲ.

2018ರ ಆಗಸ್ಟ್ ಯಾರೂ ಮರೆತಿಲ್ಲ. ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ, ಜೋಡುಪಾಲದ ಕಡೆ ಗುಡ್ಡಗಳು ಜಾರಿ ಮನೆಗಳೇ ಕಾಣೆಯಾದಾಗ ಸಾವಿರಾರು ಮಂದಿ ಪರಿಹಾರ ಕೇಂದ್ರಗಳಲ್ಲಿ ಕೂತರು. ಆಗ ನೆಂಟರ ಮನೆಗಳೇ ಎಷ್ಟೋ ಮಕ್ಕಳಿಗೆ ಆಸರೆಯಾದವು. ಮುಂದಿನ ವರ್ಷ ತೋರದಲ್ಲಿ, ಅದರ ಮುಂದಿನ ವರ್ಷ ತಲಕಾವೇರಿಯ ಬ್ರಹ್ಮಗಿರಿಯಲ್ಲಿ ಗುಡ್ಡ ಜಾರಿತು. ಮಳೆಗಾಲ ಪ್ರತಿ ವರ್ಷ ಬರುತ್ತದೆ. ಗುಡ್ಡದ ಬದಿಯ ಮನೆಯವರು ಈಗಲೇ ತೀರ್ಮಾನ ಮಾಡಿಕೊಳ್ಳಿ, ಅವಸರ ಬಂದರೆ ಮಕ್ಕಳು ಯಾರ ಮನೆಗೆ, ಎರಡನೆಯದಾಗಿ ಯಾರ ಮನೆಗೆ. ಮಕ್ಕಳ ಜನನ ಪತ್ರ, ಆಧಾರ್, ಶಾಲೆಯ ದಾಖಲೆಗಳ ನಕಲು ಆ ಮನೆಯಲ್ಲೂ ಒಂದು ಇರಲಿ. ಅಣ್ಣ ತಂಗಿಯನ್ನು ಬೇರೆ ಬೇರೆ ಮನೆಗೆ ಹಂಚಬೇಡಿ. ಜಾಗ ಕಡಿಮೆಯಾದರೆ ಚಾಪೆ ಹಾಸಿ ಮಲಗಲಿ, ಒಟ್ಟಿಗಿರಲಿ.

ಒಕ್ಕ, ಐನ್‌ಮನೆ ಇರುವವರ ಮಾತನ್ನೇ ಹೇಳುತ್ತಾ ಬಂದೆ. ಕೊಡಗು ಅಷ್ಟೇ ಅಲ್ಲವಲ್ಲ. ಎರವರ, ಜೇನುಕುರುಬರ, ಬೆಟ್ಟಕುರುಬರ ಹಾಡಿಗಳಲ್ಲಿ ಮಗು ಇಡೀ ಹಾಡಿಯ ಕಣ್ಣಳತೆಯಲ್ಲಿ ಬೆಳೆಯುತ್ತದೆ. ಅಜ್ಜಿ, ದೊಡ್ಡಮ್ಮ, ಯಜಮಾನ ಎಲ್ಲರೂ ಮಾತಿಗೆ ಸೇರುತ್ತಾರೆ. ಆದರೆ ಆ ಬಳಗವೇ ಚೆದುರಿದೆ. ನಾಗರಹೊಳೆಯಿಂದ ಕೆಲವರು ಹುಣಸೂರಿನ ಕಡೆಯ ನಾಗಾಪುರಕ್ಕೆ ಹೋದರು. 2016ರ ಡಿಸೆಂಬರ್‌ನಲ್ಲಿ ದಿಡ್ಡಳ್ಳಿಯ ಗುಡಿಸಲುಗಳನ್ನು ಕಿತ್ತುಹಾಕಿದ ಮೇಲೆ ಅಲ್ಲಿಯ ಕುಟುಂಬಗಳು ಬ್ಯಾಡಗೊಟ್ಟ, ಬಸವನಹಳ್ಳಿಗಳಲ್ಲಿ ನೆಲೆಯಾದವು. ಅಜ್ಜಿ ತಿತಿಮತಿಯ ಕಡೆ, ಮಗಳು ಬ್ಯಾಡಗೊಟ್ಟದಲ್ಲಿ, ಮಾವ ನಾಗಾಪುರದಲ್ಲಿ ಇರಬಹುದು. ಶಾಲೆ ಬಿಟ್ಟ ಮಗುವನ್ನು ಆಶ್ರಮ ಶಾಲೆಗೆ ಸೇರಿಸಲು ಬರುವ ಅಧಿಕಾರಿಗಳೇ, ಟೀಚರುಗಳೇ, ನಿಮಗೂ ಒಂದು ಮಾತು. ತಾಯಿಯ ಹೆಬ್ಬೆಟ್ಟು ಒತ್ತಿಸಿಕೊಂಡು ಹೊರಡಬೇಡಿ. ಆ ಅಜ್ಜಿಯನ್ನು ಹುಡುಕಿ, ಅವರ ಭಾಷೆ ಬಲ್ಲವರನ್ನು ಜೊತೆಗೆ ಕರೆದುಕೊಂಡು ಹೋಗಿ, ಶಾಲೆ ಎಲ್ಲಿದೆ, ಯಾವಾಗ ಮನೆಗೆ ಬಿಡುತ್ತೀರಿ, ನೋಡಲು ಯಾವ ಬಸ್ಸಿಗೆ ಬರಬೇಕು ಎಂದು ಬಿಡಿಸಿ ಹೇಳಿ. ಅಜ್ಜಿ ಒಪ್ಪಿ ಕಳಿಸಿದ ಮಗು ಶಾಲೆಯಲ್ಲಿ ನಿಲ್ಲುತ್ತದೆ. ಕೇಳದೆ ಕರೆದುಕೊಂಡು ಹೋದ ಮಗು ಮೊದಲ ಹಬ್ಬಕ್ಕೆ ಬಂದದ್ದು ಮತ್ತೆ ಹೋಗುವುದಿಲ್ಲ.

ಲೈನ್‌ಮನೆಯ ಮಕ್ಕಳ ಬಗ್ಗೆ ತೋಟದ ಯಜಮಾನರಿಗೆ ಹೇಳುತ್ತೇನೆ. ಅಸ್ಸಾಮಿನಿಂದ ಬಂದು ನಿಮ್ಮಲ್ಲಿ ದುಡಿಯುವವರ ಮನೆಯಲ್ಲಿ ಅನಾಹುತವಾದರೆ ಆ ಮಗುವಿಗೆ ಇಲ್ಲಿ ಯಾರೂ ಇಲ್ಲವೆಂದುಕೊಳ್ಳಬೇಡಿ. ಬ್ರಹ್ಮಪುತ್ರದ ದಡದಲ್ಲಿ ಅದಕ್ಕೂ ಅಜ್ಜಿ ಇದ್ದಾಳೆ. ಕೆಲಸಕ್ಕೆ ಸೇರಿಸಿಕೊಳ್ಳುವ ದಿನವೇ ಊರಿನ ಇಬ್ಬರ ಫೋನ್ ನಂಬರು ಬರೆದಿಟ್ಟುಕೊಳ್ಳಿ. ಮಗುವನ್ನು ಅದರ ಜಿಲ್ಲೆಯ ಸಮಿತಿಗೆ ಒಪ್ಪಿಸಿ ಮನೆ ಸೇರಿಸುವ ವ್ಯವಸ್ಥೆ ಕಾಯ್ದೆಯಲ್ಲಿದೆ. ಪಾಪವೆಂದು ನಿಮ್ಮ ಮನೆಯ ಕೆಲಸಕ್ಕೆ ಮಾತ್ರ ಇಟ್ಟುಕೊಳ್ಳಬೇಡಿ.

ಇಷ್ಟೆಲ್ಲ ಕುಟುಂಬ, ಕುಟುಂಬ ಎಂದವಳು ಇದನ್ನು ಗಟ್ಟಿಯಾಗಿ ಹೇಳಲೇಬೇಕು. ಮಗುವಿಗೆ ಕೆಡುಕು ಮಾಡಿದವರು ಕುಟುಂಬದವರೇ ಆಗಿದ್ದರೆ, ಬೇಲಿಯೇ ಎದ್ದು ಹೊಲ ಮೇಯ್ದಿದ್ದರೆ, ಆಗ ಕುಟುಂಬದ ಸಭೆ ಕರೆಯಬೇಡಿ. ಆರೋಪ ಬಂದವರ ಎದುರು ಮಗುವನ್ನು ಕೂರಿಸಬೇಡಿ. ರಾಜಿ ಮಾಡಿಸಬೇಡಿ, ಕಾಲು ಹಿಡಿಸಬೇಡಿ, ದುಡ್ಡು ಕೊಡಿಸಬೇಡಿ. ಬಾಯಿ ಬಿಟ್ಟರೆ ಬಣ್ಣಗೇಡು ಎಂದು ಹಿರಿಯರು ಹೇಳಿದ್ದನ್ನು ಈ ವಿಷಯದಲ್ಲಿ ಕಿವಿಗೆ ಹಾಕಿಕೊಳ್ಳಲೇಬೇಡಿ. ಮುಚ್ಚಿಟ್ಟರೆ ಕೆಡುವುದು ಮಗುವಿನ ಬಾಳು. ಲೈಂಗಿಕ ದೌರ್ಜನ್ಯವಾದರೆ 2012ರ ಪೋಕ್ಸೊ ಕಾಯ್ದೆಯಂತೆ ತಿಳಿದವರು ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು. ತಿಳಿದೂ ಸುಮ್ಮನಿದ್ದವರಿಗೆ ಆರು ತಿಂಗಳವರೆಗೆ ಶಿಕ್ಷೆಯಾಗಬಹುದು. 1098ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು, ದುಡ್ಡು ಬೀಳುವುದಿಲ್ಲ. ದೂರು ಕೊಟ್ಟ ಮೇಲೆ ಮಗುವಿನ ಜೊತೆ ನಿಲ್ಲುವುದಕ್ಕೆ ಬಳಗ ಬೇಕು. ಆಸ್ಪತ್ರೆಗೆ ಜೊತೆಗೆ ಹೋಗುವ ಚಿಕ್ಕಮ್ಮ, ಕೋರ್ಟಿನ ದಿನ ರಜೆ ಹಾಕುವ ಮಾವ, ಊರವರ ಬಾಯಿ ಮುಚ್ಚಿಸುವ ಅಜ್ಜಿ, ಇವರ ಕೆಲಸ ಆಗ ಶುರುವಾಗುತ್ತದೆ.

ತೀರ್ಮಾನವಾಗಿ ಮಗು ಹೊಸ ಮನೆ ಸೇರಿದ ಮೇಲೂ ನಿಮ್ಮ ಕೆಲಸ ಮುಗಿಯಲಿಲ್ಲ. ಮೊದಲ ಮೂರು ತಿಂಗಳು ವಾರಕ್ಕೊಮ್ಮೆ ಯಾರಾದರೂ ಹೋಗಿ ಬನ್ನಿ. ಫೋನ್ ಮಾಡಿದರೆ ಮಗುವಿನ ಜೊತೆ ಸ್ಪೀಕರ್ ಆಫ್ ಮಾಡಿಸಿ ಮಾತಾಡಿ. ಸತ್ತ ತಾಯಿಯ ಹೆಸರನ್ನು ಮನೆಯಲ್ಲಿ ಎತ್ತಬಾರದೆಂಬ ನಿಯಮ ಮಾಡಬೇಡಿ, ಅವಳ ಫೋಟೊ ಮಗುವಿನ ಕೈಗೆ ಸಿಗುವ ಕಡೆ ಇರಲಿ. ಕೈಲ್‌ಪೊಳ್ದ್‌ಗೋ ಪುತ್ತರಿ ಹಬ್ಬಕ್ಕೋ ತಾಯಿಯ ತವರಿಗೆ ಕಳಿಸಿ. ಸಾಕುವವರಿಗೆ ಸುಸ್ತಾಗಿದ್ದರೆ, ಅಥವಾ ಮಗು ಅಲ್ಲಿ ಹೊಂದಿಕೊಳ್ಳದಿದ್ದರೆ, "ನೀವು ಒಪ್ಪಿಕೊಂಡಿದ್ದೀರಲ್ಲ" ಎಂದು ಚುಚ್ಚಬೇಡಿ. ಅದೇ ಜನರನ್ನು ಮತ್ತೆ ಕರೆದು, ಆ ಹಾಳೆಯನ್ನು ಮುಂದಿಟ್ಟುಕೊಂಡು, ಏನು ಬದಲಾಯಿಸಬೇಕು ಎಂದು ಮಾತಾಡಿ. ಹಾಳೆಯ ಕೊನೆಯಲ್ಲಿ ಮುಂದಿನ ಸಲ ಕೂರುವ ತಾರೀಕನ್ನು ಮೊದಲೇ ಬರೆದಿಡಿ, ಶಾಲೆಯ ಬೇಸಿಗೆ ರಜೆ ಶುರುವಾಗುವ ವಾರ ಎಲ್ಲರಿಗೂ ಅನುಕೂಲ.